‘ಚರ್ಮಪರೀಕ್ಷೆ’ ಎಂಬ ಸಮಾಸದ ಅರ್ಥವಿಚಾರ

೧

ಶಾಸ್ತ್ರವಿಷಯಗಳನ್ನು ದೇಶಭಾಷೆಯಲ್ಲಿ ಬರೆಯಹೊರಟವರಿಗೆ ಮೊದಲು ಒದಗುವ ಕಷ್ಟವು ಶಬ್ದದಾರಿದ್ರ್ಯವೆಂದು ಹೇಳುವುದುಂಟು. ಶಬ್ದವೊಂದು ದೊರೆತ ಕೂಡಲೆ ಕಷ್ಟವು ತೀರಿತೆಂದು ತಿಳಿಯುವುದೂ ಉಂಟು. ಆದರೆ ದೊರೆತ ಶಬ್ದವು ವಿವಕ್ಷಿತವಾದ ಅರ್ಥವನ್ನು ಬಿಟ್ಟು ಬೇರೊಂದನ್ನು ತಿಳಿಸುವುದಾದರೆ, ಅದು ಶಬ್ದವಿಲ್ಲದಿರುವುದಕ್ಕಿಂತ ಹೆಚ್ಚಿನ ಅನರ್ಥಕ್ಕೆ ಕಾರಣವಾಗುವುದು. ಅಂತಹ ಶಬ್ದಗಳಲ್ಲಿ ‘ಚರ್ಮಪರೀಕ್ಷೆ’ ಎಂಬುದೊಂದು. ಅಲರ್ಜಿಯೆಂದು ಲೋಕಪ್ರಸಿದ್ಧವಾದ ವಿಕಾರಕ್ಕೆ ಯಾವ ವಸ್ತುವು ಕಾರಣವೆಂಬುದನ್ನು ತಿಳಿಯುವುದಕ್ಕಾಗಿ ವೈದ್ಯರು ರೋಗಿಯ ಮುಂಗೈಯ ಮೇಲಾಗಲಿ ಬೆನ್ನಿನ ಮೇಲಾಗಲಿ ಮಾಡುವ ಪರೀಕ್ಷೆಗೆ ಕನ್ನಡದಲ್ಲಿ ಈ ಹೆಸರು ಬಳಕೆಗೆ ಬಂದಿದೆ. ಇದನ್ನು ಬಿಡಿಸಿ ನೋಡಿದಲ್ಲದೆ ಇದರ ಗುಣದೋಷಗಳು ತಿಳಿಯವು.

ತತ್ಪುರುಷಸಮಾಸವಾದ ಈ ಪದಕ್ಕೆ ‘ಚರ್ಮದ ಪರೀಕ್ಷೆ’ ಎಂದು ಷಷ್ಠಿಯಿಂದ ವಿಗ್ರಹ ಹೇಳಬಹುದು. ‘ಚರ್ಮದಿಂದ ಪರೀಕ್ಷೆ’ ಎಂದು ತೃತೀಯೆಯಿಂದಲೂ ಹೇಳಬಹುದು. ‘ರತ್ನಪರೀಕ್ಷೆ’ ಎಂಬಲ್ಲಿ ಪರೀಕ್ಷಿಸಲ್ಪಡುವುದು ರತ್ನವೇ. ಅಲ್ಲಿ ಮೊದಲನೆಯ ರೀತಿಯೇ ಸಲ್ಲುವುದು. ‘ಅಗ್ನಿಪರೀಕ್ಷೆ’ ಎಂಬಲ್ಲಿ ಪರೀಕ್ಷಿಸಲ್ಪಟ್ಟವಳು ಸೀತೆಯೇ ಹೊರತು ಅಗ್ನಿಯಲ್ಲ. ಅಗ್ನಿಯು ಅಲ್ಲಿ ಕರಣಮಾತ್ರ. ಚರ್ಮಪರೀಕ್ಷೆಯು ಈ ಎರಡನೆಯ ವರ್ಗಕ್ಕೆ ಸೇರತಕ್ಕದ್ದು. ಆದರೆ ಕೇಳಿದವರು ಅದನ್ನು ಮೊದಲನೆಯ ವರ್ಗಕ್ಕೆ ಸೇರಿಸಿಕೊಳ್ಳುವರು. ದಮ್ಮಿನಿಂದ ನರಳುವವನಿಗೆ ಚರ್ಮಪರೀಕ್ಷೆಯಾಗಬೇಕೆಂದು ಹೇಳಿದರೆ, ‘ಬೇನೆ ಎದೆಯಲ್ಲಿರುವಾಗ ತೊಗಲನ್ನೇಕೆ ನೋಡುವರು?’ ಎಂಬ ಶಂಕೆ ಅವನಲ್ಲಿ ಹುಟ್ಟುವುದು ಸಹಜ. ಇದು ಅವನ ಅಜ್ಞಾನದಿಂದ ಹುಟ್ಟಿದುದಲ್ಲ. ಶಬ್ದವು ತೋರಿಸಿದ ದಾರಿಯಲ್ಲಿಯೇ ಅವನ ಬುದ್ಧಿಯು ನಡೆಯಿತು. ಚಿನ್ನದ ಬಣ್ಣವನ್ನು ತಿಳಿಯಲು ಅಕ್ಕಸಾಲಿಗನು ಒರೆಗಲ್ಲನ್ನು ನೋಡುವನು. ಆದರೆ ಅವನು ಪರೀಕ್ಷಿಸುವುದು ಕಲ್ಲನ್ನಲ್ಲ. ಚರ್ಮವು ಇಲ್ಲಿ ಒರೆಗಲ್ಲಿನ ಸ್ಥಾನದಲ್ಲಿದೆ.

ವಿಗ್ರಹದ ಭೇದವು ಪಂಡಿತರ ಕಾಲಕ್ಷೇಪಕ್ಕೆ ಮಾತ್ರ ಉಪಯುಕ್ತವೆಂದು ಕೆಲವರು ಹೇಳಬಹುದು. ಪ್ರಕೃತವಿಷಯದಲ್ಲಿ ಅದು ರೋಗಿಯ ಕ್ಷೇಮದವರೆಗೂ ಹೋಗಿ ಮುಟ್ಟುವುದೆಂಬುದನ್ನು ತೋರಿಸಲು, ಪರೀಕ್ಷೆಯ ಸ್ವರೂಪವನ್ನು ಮೊದಲು ಹೇಳಬೇಕಾಗಿದೆ.

೨

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿದ್ದ ಚಾರ್ಲ್ಸ್ ಬ್ಲ್ಯಾಕ್ಲಿ ಎಂಬ ವೈದ್ಯನು ಹುಲ್ಲು ಹೂಬಿಡುವ ಕಾಲದಲ್ಲಿ ಬರುವ ನೆಗಡಿ ಸೀನುಗಳಿಂದ ತಾನೇ ಪೀಡಿತನಾಗಿದ್ದನು. ಅವನು ತನ್ನ ತೋಳನ್ನು ತುಸು ಕೆರೆದು ಅಲ್ಲಿ ಹುಲ್ಲಿನ ಪರಾಗವನ್ನು ಸವರಿ, ಆ ಸ್ಥಳವು ಊದಿ ತುರಿಸುವುದನ್ನು ಕಂಡನು; ಈ ಶೋಧನೆಗಳ ಗ್ರಂಥವನ್ನು ೧೮೭೩ರಲ್ಲಿ ಪ್ರಕಟಿಸಿದನು. ೧೮೯೫ರಲ್ಲಿ ಯಾಡಾಸ್ಸೋನ್ ಎಂಬ ಚರ್ಮವೈದ್ಯನು ಪಾದರಸದ ಔಷಧದಿಂದ ಚರ್ಮವಿಕಾರವನ್ನು ಹೊಂದಿದ ರೋಗಿಗಳ ಮೈಮೇಲೆ ಅದೇ ದ್ರವ್ಯವನ್ನು ಪಟ್ಟಿಯಲ್ಲಿಟ್ಟು ಕಟ್ಟಿ, ವಿಕಾರವು ಅಲ್ಲಿ ಪುನಃ ಹುಟ್ಟುವುದನ್ನು ತೋರಿಸಿದನು. ವಿಯೆನ್ನಾದ ಬಾಲವೈದ್ಯನಾದ ಪಿರ್ಕೆ ಎಂಬುವನು ೧೯೦೬ರಲ್ಲಿ ‘ಅಲರ್ಜಿ’ ಎಂಬ ಶಬ್ದವನ್ನು ಕಲ್ಪಿಸಿದನು. ಗ್ರೀಕ್ ಭಾಷೆಯಲ್ಲಿ ‘ಅನ್ಯ’ ಎಂಬರ್ಥದ ಮತ್ತು ‘ಕ್ರಿಯೆ’ ಎಂಬರ್ಥದ ಎರಡು ಪದಗಳು ಇದರಲ್ಲಿ ಸೇರಿವೆ. ಒಮ್ಮೆ ಒಂದು ವಸ್ತುವಿನ ಸಂಪರ್ಕವನ್ನು ಪಡೆದ ದೇಹವು ಮರಳಿ ಅದೇ ವಸ್ತುವು ಬಂದಾಗ ಮೊದಲಿನಂತೆ ವರ್ತಿಸದೆ ಬೇರೊಂದು ರೀತಿಯಲ್ಲಿ ವರ್ತಿಸುವುದೆಂಬುದೇ ಅವನ ಅಭಿಪ್ರಾಯ. ಅನುಭವವು ಸಂಸ್ಕಾರವನ್ನು ಬಿಟ್ಟುಹೋಗುವುದು, ಸದೃಶವಸ್ತುವನ್ನು ಕಂಡಾಗ ಆ ಸಂಸ್ಕಾರವು ಎಚ್ಚತ್ತು ಸ್ಮೃತಿಯಾಗುವುದು ಎಂದು ತಾರ್ಕಿಕರು ಆತ್ಮನ ವಿಷಯದಲ್ಲಿ ಹೇಳುವರಷ್ಟೆ. ಇಲ್ಲಿ ದೇಹದಲ್ಲಿಯೇ ಅಂತಹ ಸಂಸ್ಕಾರವೊಂದು ಉಳಿದಿರುವುದು.

ಈಗ ಪ್ರಚಾರದಲ್ಲಿರುವ ಪರೀಕ್ಷೆಗಳು ಮುಖ್ಯವಾಗಿ ಎರಡು. ಮೊದಲನೆಯದು ಚುಚ್ಚುಪರೀಕ್ಷೆ. ಪರಾಗ, ಧೂಳಿನ ನುಸಿ, ಆಹಾರದ್ರವ್ಯ ಮೊದಲಾದವುಗಳ ಸಾರವನ್ನು ಒಂದೊಂದು ಹನಿಯಾಗಿ ಮುಂಗೈಯ ಮೇಲಿಟ್ಟು, ಹನಿಯ ಮೂಲಕ ಸೂಜಿಯ ಮೊನೆಯಿಂದ ಚರ್ಮದ ಮೇಲುಪದರವನ್ನು ಮಾತ್ರ ತುಸು ಚುಚ್ಚುವರು. ೧೫ರಿಂದ ೨೦ ನಿಮಿಷಗಳೊಳಗಾಗಿ ಅಲ್ಲಿ ಗಾದರಿ ಎದ್ದರೆ ಅದರ ಅಗಲವನ್ನು ಅಳೆಯುವರು. ಬರಿಯ ಲವಣಜಲದ ಹನಿಯಿಂದಾದುದಕ್ಕಿಂತ ೩ ಮಿಲಿಮೀಟರಿನಷ್ಟಾದರೂ ಅದು ಅಗಲವಾಗಿದ್ದರೆ ಫಲವು ಭಾವರೂಪವೆಂದು ಎಣಿಸುವರು. ಎರಡನೆಯದು ಪಟ್ಟಿಪರೀಕ್ಷೆ. ಇಲ್ಲಿ ಚುಚ್ಚುವುದಿಲ್ಲ. ದ್ರವ್ಯಗಳನ್ನು ತಕ್ಕ ಪ್ರಮಾಣದಲ್ಲಿ ತಿಳಿಗೊಳಿಸಿ ಸಣ್ಣ ಬಟ್ಟಲುಗಳಲ್ಲಿಟ್ಟು ಬೆನ್ನಿಗೆ ಅಂಟಿಸಿ, ೪೮ ಗಂಟೆಗಳಾದ ಮೇಲೆ ತೆಗೆದು ನೋಡುವರು. ಒಂದೆರಡು ದಿನ ಕಳೆದು ಮರಳಿ ನೋಡುವರು. ಕೆಂಪು, ಊತ, ಸಣ್ಣ ಗುಳ್ಳೆಗಳು ಇಲ್ಲಿಯ ಚಿಹ್ನೆಗಳು.

ಇವೆರಡಕ್ಕೂ ಇರುವ ಭೇದವು ಕಾಲಭೇದಮಾತ್ರವಲ್ಲ. ಮೊದಲನೆಯದು ರಕ್ತದಲ್ಲಿರುವ ಒಂದು ಬಗೆಯ ಪ್ರತಿವಸ್ತುವಿನಿಂದ ಒಡನೆಯೇ ಉಂಟಾಗುವ ವಿಕಾರವನ್ನು ತೋರಿಸುವುದು. ನೆಗಡಿ, ದಮ್ಮು, ಕೆಲವು ಆಹಾರಗಳಿಂದೇಳುವ ಗಂಧೆ ಇವು ಆ ಜಾತಿಯವು. ಎರಡನೆಯದು ರಕ್ತದ ಕಣವಿಶೇಷಗಳಿಂದ ನಿಧಾನವಾಗಿ ನಡೆಯುವ ವಿಕಾರವನ್ನು ತೋರಿಸುವುದು; ವಸ್ತುವು ಮೈಗೆ ತಾಕಿ ಹುಟ್ಟುವ ಇಸಬು ಆ ಜಾತಿಯದು. ಒಂದರ ಪ್ರಶ್ನೆಗೆ ಇನ್ನೊಂದು ಉತ್ತರವನ್ನು ಕೊಡಲಾರದು.

೩

ಗಾದರಿಯನ್ನು ಕಂಡು ರೋಗಕಾರಣವನ್ನು ನಿಶ್ಚಯಿಸುವುದು ಅನುಮಾನವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇಲ್ಲಿ ಇರುವುದು ಒಂದು ಅನುಮಾನವಲ್ಲ, ಎರಡು. ‘ಗಾದರಿ ಎದ್ದಿತು, ಆದುದರಿಂದ ಈ ದೇಹದಲ್ಲಿ ಆ ವಸ್ತುವಿನ ಸಂಸ್ಕಾರವಿದೆ’ ಎಂಬುದು ಮೊದಲನೆಯದು. ‘ಸಂಸ್ಕಾರವಿದೆ, ಆದುದರಿಂದ ಈಗಿನ ರೋಗಕ್ಕೆ ಆ ವಸ್ತುವೇ ಕಾರಣ’ ಎಂಬುದು ಎರಡನೆಯದು. ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರು ಮೊದಲನೆಯದನ್ನು ಸಾಧಿಸಿ ಎರಡನೆಯದೂ ಸಿದ್ಧವಾಯಿತೆಂದು ಮುಗಿಸಿಬಿಡುವುದುಂಟು. ಇದೇ ಈ ಬರವಣಿಗೆಯಲ್ಲಿ ಕಾಣುವ ಮುಖ್ಯವಾದ ದೋಷ.

ಮೊದಲನೆಯ ಅನುಮಾನವನ್ನು ರಕ್ಷಿಸುವುದಕ್ಕೆ ವೈದ್ಯರು ಎರಡು ಹನಿಗಳನ್ನು ಹೆಚ್ಚಾಗಿ ಇಡುವರು. ಒಂದು ಲವಣಜಲದ್ದು, ಇನ್ನೊಂದು ಹಿಸ್ಟಮಿನ್ ಎಂಬ ದ್ರವ್ಯದ್ದು. ಇವುಗಳನ್ನು ವಿಪಕ್ಷ ಸಪಕ್ಷಗಳೆಂದು ಹೇಳಬೇಕೆಂದು ತರ್ಕವನ್ನು ಓದಿದವರಿಗೆ ತೋಚಬಹುದು. ಸೂಕ್ಷ್ಮವಾಗಿ ನೋಡಿದರೆ ಅದು ಸರಿಯಲ್ಲ. ಸಪಕ್ಷದಲ್ಲಿ ಸಾಧ್ಯವು ನಿಶ್ಚಿತವಾಗಿರಬೇಕು. ಹಿಸ್ಟಮಿನ್ ಹನಿಯಲ್ಲಿ ಗಾದರಿ ಏಳುವುದು ಯಾವ ಸಂಸ್ಕಾರದಿಂದಲೂ ಅಲ್ಲ, ಆ ದ್ರವ್ಯದ ಸ್ವಭಾವದಿಂದ. ಹಾಗಾದರೆ ಅದರ ಪ್ರಯೋಜನವೇನೆಂದರೆ, ಪ್ರತಿಬಂಧಕವಿಲ್ಲವೆಂಬುದನ್ನು ತೋರಿಸುವುದು. ಮಣಿಯೊಂದು ಸಮೀಪದಲ್ಲಿದ್ದರೆ ಬೆಂಕಿಯು ಸುಡದೆಂಬ ದೃಷ್ಟಾಂತವು ಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ತುರಿಕೆ ನೆಗಡಿಗಳಿಗೆ ಕೊಡುವ ಹಿಸ್ಟಮಿನ್‌ವಿರೋಧಿ ಮಾತ್ರೆಯು ಅಂತಹ ಮಣಿ. ರೋಗಿಯು ಅದನ್ನು ಸೇವಿಸಿ ಬಂದಿದ್ದರೆ ಸಂಸ್ಕಾರವಿದ್ದರೂ ಗಾದರಿ ಏಳದು. ಆದುದರಿಂದಲೇ ಪರೀಕ್ಷೆಗೆ ಕೆಲವು ದಿನಗಳ ಮುಂಚೆ ಅದನ್ನು ನಿಲ್ಲಿಸಬೇಕೆಂದು ವೈದ್ಯರು ಹೇಳುವರು. ಹಿಸ್ಟಮಿನ್ ಹನಿಯಲ್ಲಿಯೂ ಗಾದರಿ ಏಳದಿದ್ದರೆ ಉಳಿದ ಹನಿಗಳ ಮೌನಕ್ಕೆ ಅರ್ಥವಿಲ್ಲ. ಇನ್ನು ಲವಣಜಲದ ಹನಿಯು ಅನ್ಯಥಾಸಿದ್ಧಿಯನ್ನು ನಿವಾರಿಸುವುದು. ಕೆಲವರ ಚರ್ಮವು ಬರಿಯ ಉಗುರುಗೀರಿಗೂ ಊದುವುದು. ಅಂತಹವರಲ್ಲಿ ಲವಣಜಲದ ಹನಿಯಲ್ಲಿಯೂ ಗಾದರಿ ಏಳುವುದರಿಂದ, ಅದು ಸೂಜಿಯ ಕಾರ್ಯವೇ ಹೊರತು ವಸ್ತುವಿನದಲ್ಲವೆಂದು ತಿಳಿಯುವುದು.

ಹೀಗೆ ಮೊದಲನೆಯ ಅನುಮಾನವು ಬಹುಮಟ್ಟಿಗೆ ನಿರ್ದುಷ್ಟವಾಗುವುದು. ಎರಡನೆಯದರಲ್ಲಿ ಮಾತ್ರ ವ್ಯಭಿಚಾರವಿದೆ. ಹೊಗೆಯಿದ್ದಲ್ಲಿ ಬೆಂಕಿಯಿದೆ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಯ ಕಟ್ಟಿಗೆಯ ಸಂಯೋಗವೆಂಬ ಉಪಾಧಿಯಿದ್ದಾಗ ಮಾತ್ರ ಬೆಂಕಿಯಿಂದ ಹೊಗೆ ಏಳುವುದು. ಸಂಸ್ಕಾರವು ಬೆಂಕಿಯ ಸ್ಥಾನದಲ್ಲಿಯೂ ರೋಗವು ಹೊಗೆಯ ಸ್ಥಾನದಲ್ಲಿಯೂ ಇವೆ. ಶೇಂಗಾದ ಹನಿಗೆ ಗಾದರಿ ಎದ್ದರೂ ಶೇಂಗಾವನ್ನು ನಿತ್ಯವೂ ಸುಖವಾಗಿ ತಿನ್ನುವವರಿರುವರು. ಅವರು ಕಾದ ಗುಂಡಿನಂತಿರುವವರು. ಹಸಿಯ ಕಟ್ಟಿಗೆ ಯಾವುದೆಂಬುದನ್ನು ಹೇಳಬೇಕಾದುದು ರೋಗಿಯ ವೃತ್ತಾಂತ: ಯಾವ ಋತುವಿನಲ್ಲಿ ಹೆಚ್ಚುವುದು, ಯಾವ ಕೆಲಸದಲ್ಲಿ ತೊಡಗಿದಾಗ ಬರುವುದು, ಏನನ್ನು ತಿಂದ ಎಷ್ಟು ಹೊತ್ತಿಗೆ ತೋರುವುದು ಎಂಬಿವು. ಈ ವೃತ್ತಾಂತವನ್ನು ಕೇಳದೆ ಗಾದರಿಯನ್ನು ಮಾತ್ರ ಓದಿ ಹತ್ತಾರು ಆಹಾರಗಳನ್ನು ನಿಷೇಧಿಸುವುದು ಅನುಮಾನವಲ್ಲ, ಹೇತ್ವಾಭಾಸ. ಅದರ ಫಲವನ್ನು ಉಣ್ಣಬೇಕಾದವನು, ಅಥವಾ ಉಣ್ಣದೆ ಇರಬೇಕಾದವನು, ರೋಗಿ.

ಬೆಂಗಳೂರಿನಲ್ಲಿ ನಡೆದ ಶೋಧನೆಯೊಂದು ಇದಕ್ಕೆ ಒಳ್ಳೆಯ ನಿದರ್ಶನ. ಪಾರ್ಥೇನಿಯಂ ಎಂಬ ಕಸದ ಪರಾಗದಿಂದ ಚುಚ್ಚುಪರೀಕ್ಷೆ ಮಾಡಿ ೧೯೯೧ರಲ್ಲಿ ಪ್ರಕಟಿಸಿದ ಈ ಶೋಧನೆಯಲ್ಲಿ ನೆಗಡಿಯ ರೋಗಿಗಳ ಪೈಕಿ ನೂರಕ್ಕೆ ೩೪ ಮಂದಿಗೂ ದಮ್ಮಿನ ರೋಗಿಗಳ ಪೈಕಿ ನೂರಕ್ಕೆ ೧೨ ಮಂದಿಗೂ ಫಲವು ಭಾವರೂಪವಾಗಿತ್ತು. ಇದರಿಂದ ಸಿದ್ಧವಾಗುವುದು ಅಷ್ಟು ಮಂದಿಯಲ್ಲಿ ಆ ಪರಾಗದ ಸಂಸ್ಕಾರವಿತ್ತೆಂಬುದು. ‘ಬೆಂಗಳೂರಿಗರಲ್ಲಿ ನೂರಕ್ಕೆ ೩೪ ಮಂದಿಗೆ ಆ ಕಸದಿಂದ ನೆಗಡಿ’ ಎಂದು ಯಾರಾದರೂ ಬರೆದರೆ ಪಕ್ಷವೂ ಕೆಟ್ಟಿತು, ಸಾಧ್ಯವೂ ಕೆಟ್ಟಿತು. ಪರೀಕ್ಷಿತರು ನಗರದ ಜನರೆಲ್ಲರೂ ಅಲ್ಲ, ರೋಗಿಗಳು. ಸಿದ್ಧವಾದುದು ರೋಗಕಾರಣವಲ್ಲ, ಸಂಸ್ಕಾರ.

೪

ಇಲ್ಲಿ ಒಂದು ಪೂರ್ವಪಕ್ಷವನ್ನು ವಿಚಾರಿಸಬೇಕು. ‘ಇದೆಲ್ಲವೂ ಆಯುರ್ವೇದದಲ್ಲಿ ಮೊದಲೇ ಇದ್ದಿತು, ಅಸಾತ್ಮ್ಯವೆಂಬುದೇ ಅಲರ್ಜಿ, ವಿಷಪರೀಕ್ಷೆಯೇ ಚರ್ಮಪರೀಕ್ಷೆ’ ಎಂದು ಅಭಿಮಾನಿಗಳು ಹೇಳುವರು. ಪ್ರಾಚೀನರಲ್ಲಿ ಗೌರವವುಳ್ಳವರು ಇದನ್ನು ಒಡನೆಯೇ ಒಪ್ಪುವುದಕ್ಕಿಂತ ಗ್ರಂಥಗಳನ್ನು ತೆರೆದು ನೋಡುವುದು ಉಚಿತ.

ಸುಶ್ರುತನ ಕಲ್ಪಸ್ಥಾನದಲ್ಲಿ ರಾಜನ ಅನ್ನಪಾನಗಳಲ್ಲಿ ವಿಷವಿದೆಯೇ ಎಂಬುದನ್ನು ತಿಳಿಯುವ ಉಪಾಯಗಳಿವೆ. ಬೆಂಕಿಯಲ್ಲಿ ಹಾಕಿದ ಅನ್ನದ ಜ್ವಾಲೆ, ಚಕೋರವೇ ಮೊದಲಾದ ಪಕ್ಷಿಗಳ ವಿಕಾರ ಇವುಗಳಿಂದ ವಿಷವನ್ನು ಊಹಿಸುವರು. ಎಣ್ಣೆ, ಲೇಪ, ವಸ್ತ್ರಗಳಲ್ಲಿ ವಿಷವು ಸೇರಿದ್ದರೆ ಚರ್ಮದಲ್ಲಿ ಬೊಕ್ಕೆಗಳೇಳುವುದೆಂದೂ ಅಲ್ಲಿಯೇ ಹೇಳಿದೆ. ಕನ್ನಡದಲ್ಲಿ ಈ ಪರಂಪರೆಗೆ ಸೇರಿದ ಮುಖ್ಯಗ್ರಂಥವು ಕ್ರಿ. ಶ. ೧೩೬೦ರ ಸುಮಾರಿನಲ್ಲಿದ್ದ ಮಂಗರಾಜನ ಖಗೇಂದ್ರಮಣಿದರ್ಪಣ. ಮದರಾಸು ವಿಶ್ವವಿದ್ಯಾನಿಲಯದಿಂದ ೧೯೪೨ರಲ್ಲಿ ಪ್ರಕಟವಾದ ಈ ಪದ್ಯಗ್ರಂಥವು ಸ್ಥಾವರಜಂಗಮವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ವಿಸ್ತರಿಸುವುದು. ಶಾಸ್ತ್ರವನ್ನು ಕನ್ನಡದಲ್ಲಿ ಪದ್ಯವಾಗಿ ಹೇಳಬಹುದೆಂಬುದಕ್ಕೆ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕದಂತೆ ಇದೂ ಒಂದು ಹೆಗ್ಗುರುತು. ಆದರೆ ಇವುಗಳಲ್ಲಿ ಪರೀಕ್ಷಿಸಲ್ಪಡುವುದು ದ್ರವ್ಯ. ತಿಳಿಯಬೇಕಾದುದು ಅದರ ವಿಷತ್ವ. ವಿಷವು ತಕ್ಕ ಪ್ರಮಾಣದಲ್ಲಿ ಎಲ್ಲರನ್ನೂ ಕೆಡಿಸುವುದು. ಅಲರ್ಜಿಕಾರಕವಾದ ವಸ್ತುವು ನೂರು ಜನರಿಗೆ ಹಿತವಾಗಿದ್ದು ಒಬ್ಬನಿಗೆ ಮಾತ್ರ ವಿಕಾರವನ್ನುಂಟುಮಾಡುವುದು. ವಿಷತ್ವವು ದ್ರವ್ಯನಿಷ್ಠ, ಅಲರ್ಜಿಯು ಪುರುಷನಿಷ್ಠ. ಪಟ್ಟಿಪರೀಕ್ಷೆಯಲ್ಲಿ ದ್ರವ್ಯವನ್ನು ತಿಳಿಗೊಳಿಸುವುದು ಈ ಭೇದಕ್ಕಾಗಿಯೇ. ಸಂಸ್ಕಾರವಿಲ್ಲದವನ ಚರ್ಮವನ್ನು ಕೆರಳಿಸದಷ್ಟು ತೆಳುವಾಗಿದ್ದರೆ ಮಾತ್ರ, ಹುಟ್ಟಿದ ವಿಕಾರವನ್ನು ಪುರುಷನ ಪಾಲಿಗೆ ಹೊರಿಸಬಹುದು. ಹೀಗಿರಲು ವಿಷಪರೀಕ್ಷೆಯೂ ಚರ್ಮಪರೀಕ್ಷೆಯೂ ಒಂದೆನ್ನುವುದು ಸಲ್ಲದು.

ಇನ್ನು ಸಾತ್ಮ್ಯದ ಮಾತು. ಪುರುಷಭೇದವನ್ನು ಚರಕನು ಬಲ್ಲನು. ರೋಗಿಯಲ್ಲಿ ಪರೀಕ್ಷಿಸಬೇಕಾದ ಹತ್ತು ವಿಷಯಗಳಲ್ಲಿ ಅವನು ಸಾತ್ಮ್ಯವನ್ನೂ ಎಣಿಸಿರುವನು. ಲಕ್ಷಣಗಳು ಗೂಢವಾಗಿರುವ ವ್ಯಾಧಿಯನ್ನು ಉಪಶಯದಿಂದಲೂ ಅನುಪಶಯದಿಂದಲೂ, ಅಂದರೆ ಯಾವುದನ್ನು ಕೊಟ್ಟರೆ ಶಮನವಾಗುವುದು, ಯಾವುದರಿಂದ ಉಲ್ಬಣಿಸುವುದು ಎಂಬುದರಿಂದ ಪರೀಕ್ಷಿಸಬೇಕೆಂದು ಹೇಳಿರುವನು. ಇಂದಿನ ವೈದ್ಯರು ಚರ್ಮಪರೀಕ್ಷೆಯಿಂದ ಸಂಶಯವು ತೀರದಿದ್ದಾಗ, ಶಂಕಿತವಾದ ಆಹಾರವನ್ನು ತಮ್ಮ ಕಣ್ಣೆದುರಿನಲ್ಲಿ ಅಲ್ಪಾಲ್ಪವಾಗಿ ಕೊಟ್ಟು ನೋಡುವುದುಂಟು. ಅನುಪಶಯಕ್ಕೆ ಸಮೀಪವಾದುದು ಆ ಪರೀಕ್ಷೆಯೇ ಹೊರತು ಗಾದರಿಯ ಪರೀಕ್ಷೆಯಲ್ಲ. ಪ್ರಾಚೀನರಲ್ಲಿ ಇದ್ದುದನ್ನು ಇದೆಯೆಂದು ತೋರಿಸುವುದೇ ಅವರಿಗೆ ಸಲ್ಲುವ ಗೌರವ. ಇಲ್ಲದುದನ್ನು ಆರೋಪಿಸಿದರೆ ಇದ್ದುದರ ಬೆಲೆಯೂ ಇಳಿಯುವುದು.

೫

ಶಬ್ದದ ಶಕ್ತಿಯನ್ನು ತಿಳಿಸುವ ಸಾಧನಗಳಲ್ಲಿ ವ್ಯಾಕರಣ ಕೋಶಗಳಷ್ಟೇ ವ್ಯವಹಾರವೂ ಮುಖ್ಯವೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಆದುದರಿಂದ ಗ್ರಂಥಗಳಿಂದ ಹೊಲಗಳ ಕಡೆಗೆ ತಿರುಗಬೇಕಾಗಿದೆ. ರಾಯಚೂರು ಜಿಲ್ಲೆಯಲ್ಲಿ ಲಿಂಗಸುಗೂರು, ಸಿಂಧನೂರು, ಮಸ್ಕಿಗಳ ಸೀಮೆಗೆ ಸೇರಿದ ಸಂತೆಕಲ್ಲೂರು ಈ ವಿಚಾರಕ್ಕೆ ತಕ್ಕ ಸ್ಥಳ. ಹತ್ತೊಂಬತ್ತನೆಯ ಶತಮಾನದಲ್ಲಿ ‘ಕೃಷಿಜ್ಞಾನಪ್ರದೀಪಿಕೆ’ಯನ್ನು ರಚಿಸಿದ ಘನಮಠದ ನಾಗಭೂಷಣ ಶಿವಯೋಗಿಗಳ ಹೆಸರು ಈ ಊರಿನೊಂದಿಗೆ ಸೇರಿಕೊಂಡಿದೆ. ಒಕ್ಕಲುತನದ ಶಾಸ್ತ್ರವನ್ನು ಕನ್ನಡದಲ್ಲಿ ಬರೆದ ಸೀಮೆಯಿದು.

ಆ ಶಿವಯೋಗಿಗಳ ಕಾಲದಲ್ಲಿ ಈ ಹೊಲಗಳಲ್ಲಿ ಇಲ್ಲದಿದ್ದ ಗಿಡವೊಂದು ಇಂದು ಬದುಗಳ ಮೇಲೆಯೂ ರಸ್ತೆಯ ಪಕ್ಕದಲ್ಲಿಯೂ ಹಿತ್ತಿಲಿನಲ್ಲಿಯೂ ಬೆಳೆದಿದೆ. ಅದೇ ಮೇಲೆ ಹೇಳಿದ ಪಾರ್ಥೇನಿಯಂ. ಜನರು ಅದನ್ನು ಕಾಂಗ್ರೆಸ್ ಕಸವೆಂದು ಕರೆಯುವರು. ಅಮೆರಿಕ ಖಂಡದ ಈ ಸಸ್ಯವು ಪುಣೆಯಲ್ಲಿ ಹರಡಿರುವುದನ್ನು ೧೯೫೬ರಲ್ಲಿ ವರದಿ ಮಾಡಿದರು. ಅನಂತರ ಅದು ದೇಶವನ್ನೆಲ್ಲ ವ್ಯಾಪಿಸಿತು. ಆಮದಾದ ಗೋದಿಯೊಡನೆ ಬಂದಿತೆಂಬ ಪ್ರತೀತಿಯುಂಟು. ಇದರ ಎಲೆ ಕಾಂಡಗಳ ನವಿರುಗಳಲ್ಲಿ ಪಾರ್ಥೆನಿನ್ ಎಂಬ ದ್ರವ್ಯವಿದೆ. ಕಳೆ ಕೀಳುವವರ ಕೈಗೆ ಅದು ತಾಕುವುದು; ಒಣಗಿದ ಗಿಡದ ಪುಡಿಯು ಗಾಳಿಯಲ್ಲಿ ಹಾರಿ ಮುಖ, ಕಣ್ಣೆವೆ, ಕುತ್ತಿಗೆ, ಮೊಣಕೈಯ ಮಡಿಕೆಗಳಲ್ಲಿ ಕೂರುವುದು. ಕೆಲವರಲ್ಲಿ ಕಾಲಕ್ರಮದಿಂದ ಸಂಸ್ಕಾರವು ಹುಟ್ಟಿ, ಬಟ್ಟೆ ಮುಚ್ಚದ ಭಾಗಗಳಲ್ಲೆಲ್ಲ ತುರಿಕೆಯೂ ಇಸಬೂ ಏಳುವುವು; ಚರ್ಮವು ದಪ್ಪವಾಗಿ ಕಪ್ಪಾಗುವುದು. ಇದನ್ನು ತಿಳಿಸತಕ್ಕದ್ದು ಪಟ್ಟಿಪರೀಕ್ಷೆ. ಅದೇ ಗಿಡದ ಪರಾಗದಿಂದ ಸೀನು ನೆಗಡಿಗಳು ಬಂದರೆ ಅದನ್ನು ತಿಳಿಸತಕ್ಕದ್ದು ಚುಚ್ಚುಪರೀಕ್ಷೆ.

ಸಮಾಸದ ವಿಚಾರವು ಇಲ್ಲಿ ಕ್ಷೇಮದ ವಿಚಾರವಾಗುವುದು. ಮುಖದ ಮೇಲೆ ಇಸಬೆದ್ದ ರೈತನೊಬ್ಬನಿಗೆ ಚುಚ್ಚುಪರೀಕ್ಷೆ ಮಾತ್ರ ನಡೆದು ಗಾದರಿ ಏಳಲಿಲ್ಲವೆಂದು ಭಾವಿಸೋಣ. ‘ಚರ್ಮಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ’ ಎಂಬ ಒಂದೇ ವಾಕ್ಯವನ್ನು ಕೇಳಿ ಅವನು ಮನೆಗೆ ಹೋದರೆ, ಕಾಂಗ್ರೆಸ್ ಕಸವು ತನಗೆ ನಿರಪಾಯವೆಂದು ತಿಳಿದು ಮರುದಿನ ಬರಿಗೈಯಿಂದ ಅದನ್ನೇ ಕೀಳುವನು. ಎರಡು ಭಿನ್ನಪ್ರಮಾಣಗಳಿಗೆ ಒಂದೇ ಹೆಸರಿದ್ದುದರ ಫಲವಿದು. ‘ಚರ್ಮದ ಮೇಲೆ ಇಟ್ಟು ನೋಡುವುದೇ ಪರೀಕ್ಷೆ’ ಎಂದು ತಿಳಿದ ಮತ್ತೊಬ್ಬನು ಹಸಿಯ ಎಲೆಯನ್ನೇ ತೋಳಿಗೆ ಉಜ್ಜಿಕೊಂಡು ನೋಡಬಹುದು. ತಿಳಿಗೊಳಿಸದ ದ್ರವ್ಯದಿಂದ ಹುಟ್ಟಿದ ಉರಿಯು ಏನನ್ನೂ ಸಾಧಿಸದೆ ಹುಣ್ಣನ್ನು ಮಾತ್ರ ಉಳಿಸುವುದು. ಸಂಸ್ಕಾರವಿಲ್ಲದವನಲ್ಲಿ ಸಂಸ್ಕಾರವನ್ನೂ ಹುಟ್ಟಿಸಬಹುದು. ಚುಚ್ಚುಪರೀಕ್ಷೆಯಲ್ಲಿಯೂ ಅಪೂರ್ವವಾಗಿ ತೀವ್ರವಾದ ವಿಕಾರವು ಸಂಭವಿಸುವುದರಿಂದ, ತಕ್ಕ ಔಷಧಗಳು ಸಿದ್ಧವಾಗಿರುವಲ್ಲಿಯೇ ಅದನ್ನು ಮಾಡತಕ್ಕದ್ದು.

೬

ಪರೀಕ್ಷೆಯ ಹೆಸರಿನಂತೆ ವಿಕಾರದ ಹೆಸರಿನಲ್ಲಿಯೂ ವಿವಾದವಿದೆ. ಜನರ ಬಾಯಲ್ಲಿರುವ ಮತ್ತು ಲೇಖಕರು ಸೂಚಿಸುವ ಶಬ್ದಗಳನ್ನು ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳ ದೃಷ್ಟಿಯಿಂದ ನೋಡಬಹುದು.

ಮೈಮೇಲೆ ಗಂಧೆಯೆದ್ದರೆ ‘ನಂಜು’ ಎನ್ನುವುದು ವಾಡಿಕೆ. ನಂಜೆಂದರೆ ವಿಷ, ಗಾಯ ಕೀವಾದರೂ ನಂಜೇ. ಈ ಶಬ್ದವನ್ನು ಅಲರ್ಜಿಗೆ ಹೇಳಿದರೆ ಲಕ್ಷಣವು ಅಸಂಭವದೋಷಕ್ಕೆ ಗುರಿಯಾಗುವುದು. ಏಕೆಂದರೆ ದ್ರವ್ಯನಿಷ್ಠವಾದ ದೋಷವು ಇಲ್ಲಿ ಎಲ್ಲಿಯೂ ಇಲ್ಲ. ವ್ಯವಹಾರದಲ್ಲಿ ಇದರ ಪರಿಣಾಮವೇನೆಂದರೆ, ನಂಜೆಂದು ಕೇಳಿದವನು ಬದನೆಕಾಯಿ ಮೊದಲಾದ ‘ನಂಜಿನ ಪದಾರ್ಥ’ಗಳನ್ನು ಬಿಟ್ಟು ಪಥ್ಯಮಾಡುವನು, ಬದುವಿನ ಮೇಲಿನ ಕಸವು ಹಾಗೆಯೇ ಉಳಿಯುವುದು.

‘ಒಗ್ಗದಿಕೆ’ ಎಂಬುದು ದೇಶ್ಯವಾಗಿಯೂ ಮಧುರವಾಗಿಯೂ ಇದೆ. ‘ಅದು ನನ್ನ ಮೈಗೆ ಒಗ್ಗೂದಿಲ್ಲ’, ‘ಆಗಿಬರೂದಿಲ್ಲ’ ಎಂಬ ಮಾತುಗಳಲ್ಲಿ ಪುರುಷನಿಷ್ಠತೆಯು ಸ್ಪಷ್ಟವಾಗಿ ಬಂದಿದೆ. ‘ನನ್ನ ಮೈಗೆ’ ಎಂಬ ಮಾತೇ ಅದಕ್ಕೆ ಸಾಕ್ಷಿ. ಆದರೆ ಒಗ್ಗುವುದೆಂದರೆ ರೂಢಿಯಿಂದ ಹೊಂದಿಕೊಳ್ಳುವುದೆಂದೂ ಅರ್ಥ. ಇಂದು ಒಗ್ಗದುದು ನಾಲ್ಕು ದಿನ ಕಳೆದರೆ ಒಗ್ಗೀತೆಂಬ ಭರವಸೆಯನ್ನು ಆ ಧಾತುವೇ ಕೊಡುವುದು. ಅಭ್ಯಾಸದಿಂದ ಸಾತ್ಮ್ಯವು ಹುಟ್ಟುವುದೆಂದು ಚರಕನೂ ಹೇಳುವನು. ಅಲರ್ಜಿಯ ಗತಿಯು ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾದುದು: ಇಲ್ಲಿ ಸಂಪರ್ಕವು ಹೆಚ್ಚಿದಂತೆ ವಿರೋಧವು ಬಲಿಯುವುದು. ‘ರೂಢಿಯಾದರೆ ಸರಿಹೋಗುತ್ತದೆ’ ಎಂದು ಕಳೆ ಕೀಳುವುದನ್ನು ಮುಂದುವರಿಸಿದವನ ಇಸಬು ಹೆಚ್ಚುವುದೇ ಹೊರತು ತಗ್ಗುವುದಿಲ್ಲ. ೧೯೧೧ರಲ್ಲಿ ಲಂಡನ್ನಿನ ನೂನ್ ಎಂಬುವನು ಪರಾಗದ ಸಾರವನ್ನು ಅಲ್ಪಪ್ರಮಾಣದಿಂದ ಮೊದಲುಮಾಡಿ ಕ್ರಮವಾಗಿ ಹೆಚ್ಚಿಸುತ್ತ ಸೂಜಿಮದ್ದಾಗಿ ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆಯನ್ನು ಪ್ರಕಟಿಸಿದನೆಂಬುದು ನಿಜ. ಆದರೆ ಅದು ವೈದ್ಯನ ಕೈಯಲ್ಲಿ ಅಳತೆಯಿಂದ ನಡೆಯುವ ಕರ್ಮ, ಹೊಲದಲ್ಲಿ ಅಳತೆಯಿಲ್ಲದೆ ನಡೆಯುವುದಲ್ಲ.

‘ಅಸಾತ್ಮ್ಯ’ ಎಂಬುದರಲ್ಲಿ ಅತಿವ್ಯಾಪ್ತಿಯಿದೆ. ಹಾಲನ್ನು ಜೀರ್ಣಿಸುವ ಪಾಚಕದ್ರವ್ಯವು ಕಡಿಮೆಯಾಗಿ ಹಾಲು ಕುಡಿದರೆ ಹೊಟ್ಟೆಯುಬ್ಬರವಾಗುವುದೂ ಅಸಾತ್ಮ್ಯವೇ. ಆದರೆ ಅಲ್ಲಿ ಪೂರ್ವಸಂಸ್ಕಾರವಿಲ್ಲ, ಚುಚ್ಚಿದರೆ ಗಾದರಿಯೂ ಏಳದು. ಸಾಮಾನ್ಯವನ್ನು ಹೇಳುವ ಶಬ್ದವನ್ನು ವಿಶೇಷಕ್ಕೆ ಮೀಸಲಿಟ್ಟರೆ ಸಾಮಾನ್ಯಕ್ಕೆ ಬೇರೆ ಶಬ್ದವನ್ನು ಹುಡುಕಬೇಕಾಗುವುದು.

ಪ್ರಾಚೀನವ್ಯವಹಾರದಲ್ಲಿಯೂ ಪುರುಷನಿಷ್ಠವಾದ ಈ ವಿಕಾರಕ್ಕೆ ದೃಷ್ಟಾಂತವಿಲ್ಲದೆ ಇಲ್ಲ. ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಬೀಜಕ್ಕೆ ಸಂಸ್ಕೃತದಲ್ಲಿ ಭಲ್ಲಾತಕವೆಂದು ಹೆಸರು. ಹುಣ್ಣು ಮಾಡುವುದೆಂಬರ್ಥದ ಅರುಷ್ಕರವೆಂಬ ಹೆಸರೂ ಅದಕ್ಕುಂಟು. ಅದರ ರಸವು ಗಟ್ಟಿಯಾಗಿ ತಾಕಿದರೆ ಯಾರ ಚರ್ಮವನ್ನಾದರೂ ಸುಡುವುದು; ಅಷ್ಟರಮಟ್ಟಿಗೆ ಅದು ನಂಜು. ಆದರೆ ಒಗೆದ ಬಟ್ಟೆಯಲ್ಲಿ ಉಳಿದ ಒಂದು ಚುಕ್ಕೆಯಿಂದ ನೂರು ಜನರಿಗೆ ಏನೂ ಆಗದೆ ಒಬ್ಬನಿಗೆ ಮಾತ್ರ ಕುತ್ತಿಗೆಯಲ್ಲಿ ಗುಳ್ಳೆಗಳೆದ್ದರೆ ಅದು ಅಲರ್ಜಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿದ್ದ ಅಮೆರಿಕದ ಸೈನಿಕರಿಗೆ ಅಗಸರ ಗುರುತಿನಿಂದಾದ ಇಂತಹ ವಿಕಾರವನ್ನು ಅವರ ವೈದ್ಯರು ೧೯೪೩ರಲ್ಲಿ ವರ್ಣಿಸಿದರು. ಒಂದೇ ದ್ರವ್ಯದಲ್ಲಿ ದ್ರವ್ಯನಿಷ್ಠವೂ ಪುರುಷನಿಷ್ಠವೂ ಆದ ಎರಡು ಗತಿಗಳಿವೆಯೆಂಬುದನ್ನು ಪಾಠಹೇಳುವವರು ಈ ಉದಾಹರಣೆಯಿಂದ ಸುಲಭವಾಗಿ ತಿಳಿಸಬಹುದು.

ಹೀಗೆ ವಿಚಾರಿಸಿದಲ್ಲಿ ‘ಅಲರ್ಜಿ’ ಎಂಬ ಅನ್ಯದೇಶ್ಯವನ್ನೇ ಉಳಿಸಿಕೊಳ್ಳುವುದು ಯುಕ್ತವೆಂದು ತೋರುತ್ತದೆ. ಕಾಗದ, ಕುರ್ಚಿಗಳಂತೆ ಅದೂ ಜನರ ನಾಲಗೆಗೆ ಬಂದಿದೆ. ಪೂರ್ವಸಂಬಂಧವಿಲ್ಲದ ಶಬ್ದವಾದುದರಿಂದ ಅದು ತಪ್ಪು ಅರ್ಥವನ್ನು ತರುವುದಿಲ್ಲ. ಸರಿಯಾದ ಅರ್ಥವನ್ನು ಅದರಲ್ಲಿ ತುಂಬುವ ಹೊಣೆಯು ಬರೆಯುವವರದು. ವಿವರಣೆಗೆ ‘ಮೈಗೆ ಆಗಿಬರದಿರುವುದು’ ಎಂಬ ಹೊಲದ ಮಾತು ಸಹಾಯಕವಾದೀತು. ಪರೀಕ್ಷೆಗಳನ್ನು ‘ಚುಚ್ಚುಪರೀಕ್ಷೆ’, ‘ಪಟ್ಟಿಪರೀಕ್ಷೆ’ ಎಂದು ಬೇರೆಬೇರೆಯಾಗಿಯೇ ಕರೆಯತಕ್ಕದ್ದು. ‘ಚರ್ಮಪರೀಕ್ಷೆ’ ಎಂಬುದನ್ನು ಎರಡಕ್ಕೂ ಸಾಮಾನ್ಯನಾಮವಾಗಿ ಇಟ್ಟುಕೊಳ್ಳಬಹುದು. ಆದರೆ ರತ್ನಪರೀಕ್ಷೆಯಂತಲ್ಲ, ಅಗ್ನಿಪರೀಕ್ಷೆಯಂತೆ ಎಂಬ ಒಂದು ಮಾತನ್ನು ಅದರೊಡನೆ ಹೇಳಬೇಕು.

ಸಂತೆಕಲ್ಲೂರಿಗೆ ಸಮೀಪದ ಮಸ್ಕಿಯಲ್ಲಿ ೧೯೧೫ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರನಿಗೆ ದೊರೆತ ಶಾಸನವು ದೇವಾನಾಂಪ್ರಿಯನನ್ನು ಅಶೋಕನೆಂಬ ಹೆಸರಿನಿಂದಲೇ ಕರೆದು ಇತಿಹಾಸದ ಒಂದು ದೊಡ್ಡ ಸಂಶಯವನ್ನು ಕಳೆಯಿತೆಂಬುದು ಪ್ರಸಿದ್ಧವಾಗಿದೆ. ಆ ಬಂಡೆಯೊಂದೇ ಇದ್ದಿದ್ದರೆ ಅಷ್ಟು ತಿಳಿಯುತ್ತಿರಲಿಲ್ಲ. ೧೮೯೨ರಲ್ಲಿ ರೈಸರು ಕಂಡ ಬ್ರಹ್ಮಗಿರಿಯ ಶಾಸನವೂ ಉಳಿದೆಡೆಗಳ ಧರ್ಮಲಿಪಿಗಳೂ ಸಿಂಹಳದ ವಂಶಕಥೆಗಳೂ ಮೊದಲೇ ಕೂಡಿದ್ದುದರಿಂದ, ಮಸ್ಕಿಯ ಆ ಒಂದು ಹೆಸರಿಗೆ ಬಲ ಬಂದಿತು. ಚರ್ಮದ ಮೇಲೆದ್ದ ಗಾದರಿಯೂ ಅಂತಹ ಒಂದು ಅಕ್ಷರ. ರೋಗಿಯು ತನ್ನ ಬಾಯಿಂದ ಹೇಳುವ ವೃತ್ತಾಂತದೊಡನೆ ಓದಿದರೆ ಅದು ಕಾರಣವನ್ನು ತಿಳಿಸುವುದು. ಒಂಟಿಯಾಗಿ ಓದಿದರೆ ಓದಿದವನ ಊಹೆಯನ್ನೇ ಅವನಿಗೆ ಮರಳಿ ಹೇಳುವುದು. ಶಾಸನಗಳನ್ನು ಹೀಗೆ ಪ್ರಕರಣದೊಡನೆ ಓದಬೇಕೆಂದು ವಿದ್ಯಾರ್ಥಿಗಳಿಗೆ ಕಲಿಸುವ ಅಧ್ಯಾಪಕರು ಈ ಅಕ್ಷರವನ್ನೂ ಹಾಗೆಯೇ ಓದುವುದನ್ನು ಕಲಿಸಿದರೆ, ಕನ್ನಡದ ವೈದ್ಯವಾಙ್ಮಯಕ್ಕೂ ಬದುವಿನ ಮೇಲೆ ದುಡಿಯುವವರಿಗೂ ಉಪಕಾರವಾಗುವುದು.